ಹಣದ ಚೀಲವೂ ಮತದ ಪೆಟ್ಟಿಗೆಯೂ

ಕೆಲವು ದಿನಗಳ ಹಿಂದೆ ನಾವು ತರಗತಿಯಲ್ಲಿ ಇಂಗ್ಲೆಂಡಿನ ರಾಜ್ಯಾಂಗದ ಚರಿತ್ರೆಯನ್ನು ಹೇಳುತ್ತಿದ್ದೆವು. ಚುನಾವಣೆಯಲ್ಲಿ ಉಮೇದುವಾರನು ಇಂತಿಷ್ಟಕ್ಕಿಂತ ಹೆಚ್ಚಾಗಿ ಖರ್ಚು ಮಾಡಕೂಡದೆಂದು ಆ ದೇಶದವರು 1883ರಲ್ಲಿ ಒಂದು ಕಾಯಿದೆಯನ್ನು ಮಾಡಿದರೆಂದು ತಿಳಿಸಿದಾಗ, ಹಿಂದಿನ ಬೆಂಚಿನಲ್ಲಿದ್ದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸಾರ್, ಸಭೆ ಸೇರಿಸುವುದಕ್ಕೂ ಹಣ ಬೇಕು, ಕರಪತ್ರ ಅಚ್ಚು ಹಾಕಿಸುವುದಕ್ಕೂ ಹಣ ಬೇಕು. ಖರ್ಚು ಮಾಡಬೇಡ ಎಂದರೆ ಮಾತನಾಡಬೇಡ ಎಂದ ಹಾಗೆಯೇ ಆಯಿತಲ್ಲವೆ?" ಎಂದು ಕೇಳಿದನು. ಗಂಟೆ ಹೊಡೆಯಿತು, ಉತ್ತರ ಹೇಳುವ ಕಷ್ಟ ಆ ಹೊತ್ತಿಗೆ ನಮಗೆ ತಪ್ಪಿತು. ಆದರೆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಈ ಭಾಷಣವು ಆ ಹುಡುಗನಿಗೆ ಹೇಳಬೇಕಾಗಿದ್ದ ಉತ್ತರವೆಂದು ಶ್ರೋತೃಗಳು ತಿಳಿಯಬಹುದು.

ಪ್ರಶ್ನೆ ಸಾಮಾನ್ಯವಾದದ್ದಲ್ಲ. ಅಮೆರಿಕ ದೇಶದ ಅತ್ಯುಚ್ಚ ನ್ಯಾಯಸ್ಥಾನವು ಬಹುಮಟ್ಟಿಗೆ ಆ ಹುಡುಗನ ಪಕ್ಷವನ್ನೇ ಹಿಡಿದಿದೆ. ಇಂಗ್ಲೆಂಡಿನ ಪಾರ್ಲಿಮೆಂಟು ಬೇರೆ ದಾರಿಯನ್ನು ಹಿಡಿದಿದೆ. ನಮ್ಮ ದೇಶದ ಸುಪ್ರೀಂ ಕೋರ್ಟು 2024ರಲ್ಲಿ ಇದೇ ವಿಷಯವನ್ನು ಮತ್ತೊಂದು ಕಡೆಯಿಂದ ನೋಡಿ ತೀರ್ಪು ಕೊಟ್ಟಿತು. ಯಾರು ಸರಿ ಎಂಬುದನ್ನು ವಿಚಾರಮಾಡುವುದಕ್ಕೆ ಮೊದಲು, ಹಣವು ಚುನಾವಣೆಯೊಳಕ್ಕೆ ಯಾವ ಬಾಗಿಲಿನಿಂದ ಬಂದಿತು, ಒಂದು ಬಾಗಿಲನ್ನು ಮುಚ್ಚಿದಾಗ ಯಾವ ಕಿಟಕಿಯಿಂದ ನುಗ್ಗಿತು ಎಂಬ ಕಥೆಯನ್ನು ಸ್ವಲ್ಪ ನೋಡಬೇಕು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಣವು ಮುಂಬಾಗಿಲಿನಿಂದಲೇ ಬರುತ್ತಿತ್ತು. ಆಕ್ಸ್‌ಫರ್ಡ್ ಪ್ರಾಂತದಲ್ಲಿ 1754ರಲ್ಲಿ ನಡೆದ ಚುನಾವಣೆಯ ನೆನಪಿಗಾಗಿ ಹೊಗಾರ್ತ್ ಎಂಬ ಚಿತ್ರಕಾರನು ನಾಲ್ಕು ಚಿತ್ರಗಳನ್ನು ಬರೆದನು. ಅವು ಈಗಲೂ ಲಂಡನ್ನಿನ ಸೋನ್ ಎಂಬ ವಸ್ತುಸಂಗ್ರಹಾಲಯದಲ್ಲಿವೆ. ಒಂದರಲ್ಲಿ ಮತದಾರರಿಗೆ ಛತ್ರದಲ್ಲಿ ಔತಣ ನಡೆಯುತ್ತಿದೆ. ಇನ್ನೊಂದರಲ್ಲಿ ರೈತನೊಬ್ಬನು ಎರಡು ಪಕ್ಷಗಳ ದಲ್ಲಾಳಿಗಳ ನಡುವೆ ನಿಂತು ಇಬ್ಬರಿಂದಲೂ ಕೈ ತುಂಬಿಸಿಕೊಳ್ಳುತ್ತಿದ್ದಾನೆ. ಮತ್ತೊಂದರಲ್ಲಿ ಸಾಯುವ ಸ್ಥಿತಿಯಲ್ಲಿರುವವನನ್ನೂ ಹೊತ್ತು ತಂದು ಮತ ಹಾಕಿಸುತ್ತಿದ್ದಾರೆ. ಚಿತ್ರಕಾರನು ಕೊಂಚ ಉತ್ಪ್ರೇಕ್ಷೆ ಮಾಡಿರಬಹುದು. ಆದರೆ ಸುಳ್ಳು ಬರೆಯಲಿಲ್ಲ.

ಮತದಾರರನ್ನು ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಊರನ್ನೇ ಕೊಳ್ಳುವುದು ಸುಲಭವಾಗಿದ್ದ ಸ್ಥಳಗಳೂ ಇದ್ದುವು. ಓಲ್ಡ್ ಸೇರಂ ಎಂಬುದು ಜನರೆಲ್ಲ ಬಿಟ್ಟುಹೋಗಿದ್ದ ಒಂದು ದಿಬ್ಬ. ಆದರೂ ಅದಕ್ಕೆ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುವ ಹಕ್ಕಿತ್ತು. ಇಂಡಿಯಾದ ವ್ಯಾಪಾರದಲ್ಲಿ ಹಣ ಸಂಪಾದಿಸಿದ್ದ, ಮುಂದೆ ಮದರಾಸಿನ ಗವರ್ನರನಾದ ಥಾಮಸ್ ಪಿಟ್ ಎಂಬಾತನು 1691ರಲ್ಲಿ ಆ ದಿಬ್ಬವನ್ನು ಕ್ರಯಕ್ಕೆ ಕೊಂಡನು. ಅವನ ಮೊಮ್ಮಗನೇ ಇಂಗ್ಲೆಂಡಿನ ಪ್ರಸಿದ್ಧ ಮಂತ್ರಿಯಾದ ಹಿರಿಯ ವಿಲಿಯಂ ಪಿಟ್. ಆತನು 1735ರಲ್ಲಿ ಪಾರ್ಲಿಮೆಂಟನ್ನು ಪ್ರವೇಶಿಸಿದ್ದು ಈ ದಿಬ್ಬದ ಪ್ರತಿನಿಧಿಯಾಗಿಯೇ.

ಈ ವ್ಯಾಪಾರದಲ್ಲಿ ನಮ್ಮ ಸೀಮೆಯ ಹಣವೂ ಸೇರಿತ್ತೆಂಬುದು ಅನೇಕರಿಗೆ ತಿಳಿಯದು. ಆರ್ಕಾಟಿನ ನವಾಬ ಮಹಮ್ಮದಾಲಿಯ ಹೆಸರು ಮೈಸೂರಿನ ಚರಿತ್ರೆಯನ್ನು ಓದಿದವರಿಗೆ ಪರಿಚಿತವಾದದ್ದು. ತಿರುಚಿರಾಪಳ್ಳಿಯನ್ನು ಕೊಡುವೆನೆಂದು ನಂಜರಾಜಯ್ಯನವರಿಗೆ ಮಾತು ಕೊಟ್ಟು ತಪ್ಪಿದವನು ಇವನೇ. ಇವನು ಮದರಾಸಿನಲ್ಲಿದ್ದ ಇಂಗ್ಲಿಷ್ ನೌಕರರಿಂದಲೂ ವರ್ತಕರಿಂದಲೂ ಭಾರಿ ಬಡ್ಡಿಗೆ ಸಾಲ ಮಾಡಿ, ಅದಕ್ಕೆ ಬದಲಾಗಿ ತನ್ನ ಸೀಮೆಯ ಕಂದಾಯವನ್ನು ಬರೆದುಕೊಡುತ್ತಿದ್ದನು. ಸಾಲ ಕೊಟ್ಟವರಲ್ಲಿ ಪಾಲ್ ಬೆನ್‌ಫೀಲ್ಡ್ ಎಂಬವನು ಮುಖ್ಯನು. ಇವನು ಆ ಹಣದೊಡನೆ ಇಂಗ್ಲೆಂಡಿಗೆ ಹೋಗಿ 1780ರಲ್ಲಿ ತಾನೇ ಪಾರ್ಲಿಮೆಂಟಿನ ಸದಸ್ಯನಾದನು. ಅಷ್ಟೇ ಅಲ್ಲ, ತನ್ನನ್ನೂ ಸೇರಿಸಿಕೊಂಡು ಎಂಟು ಮಂದಿ ಸದಸ್ಯರನ್ನು ಇವನೊಬ್ಬನೇ ಮಾಡಿದನೆಂದು ಎಡ್ಮಂಡ್ ಬರ್ಕ್ ಮಹಾಶಯನು 1785ನೆಯ ಫೆಬ್ರವರಿ 28ರಂದು ಪಾರ್ಲಿಮೆಂಟಿನಲ್ಲಿ ಆಪಾದಿಸಿದನು. ನವಾಬನ ಸಾಲಗಳು ನಿಜವೋ ಕೃತ್ರಿಮವೋ ಎಂಬ ವಿಚಾರಣೆಯಿಲ್ಲದೆ ಅವನ್ನೆಲ್ಲ ಕಂದಾಯದಿಂದ ತೀರಿಸುವಂತೆ ಮಂತ್ರಿಮಂಡಲವು ಅಪ್ಪಣೆ ಮಾಡಿದ್ದು, ಚುನಾವಣೆಯಲ್ಲಿ ದೊರೆತ ಸಹಾಯಕ್ಕೆ ಪ್ರತ್ಯುಪಕಾರವಾಗಿಯೇ ಎಂಬುದು ಬರ್ಕನ ವಾದದ ಸಾರ. ಬರ್ಕನ ಮಾತಿನಲ್ಲಿ ಪಕ್ಷದ ಕಾವು ಇತ್ತೆಂದೇ ಇಟ್ಟುಕೊಳ್ಳೋಣ. ಆದರೂ ದಾರಿ ಸ್ಪಷ್ಟವಾಗಿಯೇ ಕಾಣುತ್ತದೆ. ಯುದ್ಧಕ್ಷಾಮಗಳಿಂದ ಬೆಂದುಹೋದ ಸೀಮೆಯ ರೈತನು ಕೊಟ್ಟ ಕಂದಾಯವು ಬಡ್ಡಿಯಾಯಿತು. ಬಡ್ಡಿಯು ಇಂಗ್ಲೆಂಡಿನಲ್ಲಿ ಮತವಾಯಿತು. ಆ ಮತವು ತಿರುಗಿ ಬಂದು ಅದೇ ರೈತನ ಮೇಲೆ ಇನ್ನಷ್ಟು ಕಂದಾಯವನ್ನು ಹೇರಿತು. ಮತವನ್ನು ಮಾರಿಕೊಂಡವನು ಒಬ್ಬ, ಕೊಂಡುಕೊಂಡವನು ಇನ್ನೊಬ್ಬ, ಬೆಲೆ ತೆತ್ತವನು ಇಬ್ಬರನ್ನೂ ಕಣ್ಣಿನಿಂದ ಕಾಣದ ಮೂರನೆಯವನು. ಚುನಾವಣೆಯ ಹಣದ ವಿಚಾರದಲ್ಲಿ ಈ ಮೂರನೆಯವನನ್ನು ಮರೆಯಕೂಡದು.

ಆದರೆ ಹಣವೆಂದರೆ ಎಲ್ಲ ಕಡೆಯೂ ಲಂಚವೆಂದು ತಿಳಿಯುವುದು ತಪ್ಪು. 1807ರಲ್ಲಿ ಯಾರ್ಕ್‌ಷೈರ್ ಪ್ರಾಂತದಲ್ಲಿ ನಡೆದ ಚುನಾವಣೆಯನ್ನು ನೋಡಿ. ಎರಡು ಸ್ಥಾನಗಳಿಗೆ ಮೂವರು ನಿಂತಿದ್ದರು. ಇಬ್ಬರು ದೊಡ್ಡ ಜಮೀನುದಾರರ ಮನೆತನದವರು. ಮೂರನೆಯವನು ಗುಲಾಮರ ವ್ಯಾಪಾರವನ್ನು ನಿಲ್ಲಿಸಿದ ಕೀರ್ತಿಯನ್ನು ಆ ವರ್ಷವೇ ಪಡೆದಿದ್ದ ವಿಲ್ಬರ್‌ಫೋರ್ಸ್. ಮತದಾನವು ಹದಿನೈದು ದಿನ ನಡೆಯಿತು. ಇಡೀ ಪ್ರಾಂತದ ಮತದಾರರು ಯಾರ್ಕ್ ಪಟ್ಟಣ ಒಂದಕ್ಕೇ ಬರಬೇಕಾಗಿತ್ತು. ಅವರನ್ನು ಕರೆತರುವುದು, ಊಟ ವಸತಿಗಳನ್ನು ಒದಗಿಸುವುದು ಎಲ್ಲವೂ ಉಮೇದುವಾರರ ಖರ್ಚು. ಜಮೀನುದಾರರಿಬ್ಬರೂ ತಲಾ ಸುಮಾರು ಒಂದು ಲಕ್ಷ ಪೌಂಡುಗಳನ್ನು ಚೆಲ್ಲಿದರೆಂದು ಪ್ರಸಿದ್ಧಿ. ವಿಲ್ಬರ್‌ಫೋರ್ಸನಿಗೆ ಅಷ್ಟು ಶಕ್ತಿಯಿರಲಿಲ್ಲ. ಅವನ ಅಭಿಮಾನಿಗಳು ಚಂದಾ ಎತ್ತಿದರು. ಅನೇಕ ಮತದಾರರು ತಮ್ಮ ಖರ್ಚಿನಲ್ಲಿಯೇ ಬಂದರು. ಅವನಿಗೆ ಹಿಡಿದ ಖರ್ಚು ಮೂವತ್ತು ಸಾವಿರ ಪೌಂಡಿಗಿಂತ ಕಡಿಮೆ. ಮತಗಳು ಮಾತ್ರ 11,806, ಮೂವರಲ್ಲಿ ಎಲ್ಲರಿಗಿಂತ ಹೆಚ್ಚು. ಆ ಚಂದಾ ಹಣವನ್ನು ನಾವು ಲಂಚವೆನ್ನಬಹುದೆ? ಅದು ಚಂದಾದಾರರ ಅಭಿಪ್ರಾಯವೇ ನಾಣ್ಯದ ರೂಪದಲ್ಲಿ ಹೊರಟಿದ್ದು. ನಮ್ಮ ವಿದ್ಯಾರ್ಥಿಯ ಪ್ರಶ್ನೆಯಲ್ಲಿರುವ ಸತ್ಯಾಂಶವು ಇದು. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

1832ರ ಸುಧಾರಣೆಯ ಶಾಸನದಿಂದ ಓಲ್ಡ್ ಸೇರಂನಂಥ ಹಾಳೂರುಗಳ ಹಕ್ಕು ಹೋಯಿತು. ಲಂಚ ಮಾತ್ರ ಹೋಗಲಿಲ್ಲ. ಮತದಾರರು ಹೆಚ್ಚಿದ್ದರಿಂದ ಕೆಲವು ಕಡೆ ಅದು ಇನ್ನೂ ಹರಡಿತು. ಸಡ್‌ಬರಿ ಎಂಬ ಊರಿನ ಪ್ರಾತಿನಿಧ್ಯವನ್ನು 1844ರಲ್ಲಿಯೂ ಸೇಂಟ್ ಆಲ್ಬನ್ಸ್ ಎಂಬುದರದನ್ನು 1852ರಲ್ಲಿಯೂ ಲಂಚದ ಕಾರಣದಿಂದ ಕಿತ್ತುಹಾಕಬೇಕಾಯಿತು. 1854ರಲ್ಲಿ ಒಂದು ಕಾಯಿದೆ ಬಂದು, ಲಂಚ, ಔತಣ, ಬೆದರಿಕೆ ಇವುಗಳ ಲಕ್ಷಣವನ್ನು ವಿವರಿಸಿ, ಖರ್ಚನ್ನು ನೋಡುವುದಕ್ಕೆ ಲೆಕ್ಕಪರೀಕ್ಷಕರನ್ನು ನೇಮಿಸಿತು. ಒಂಬತ್ತು ವರ್ಷಗಳಲ್ಲಿ ಆ ಹುದ್ದೆಗಳೇ ರದ್ದಾದುವು. 1868ರಲ್ಲಿ ಪ್ರಸಿದ್ಧ ಕಾದಂಬರಿಕಾರನಾದ ಆಂಥೊನಿ ಟ್ರಾಲಪ್ ಬೆವರ್ಲಿ ಎಂಬ ಊರಿನಲ್ಲಿ ನಿಂತು ಸೋತನು. ಆ ಚುನಾವಣೆಯ ಮೇಲೆ ವಿಚಾರಣೆ ನಡೆದು, ಊರಿನ ಅವಸ್ಥೆಯೆಲ್ಲ ಬಯಲಿಗೆ ಬಂದು, 1870ರಲ್ಲಿ ಬೆವರ್ಲಿಯೂ ತನ್ನ ಹಕ್ಕನ್ನು ಕಳೆದುಕೊಂಡಿತು. 1872ರಲ್ಲಿ ಗುಪ್ತ ಮತದಾನ ಬಂದಿತು. ಯಾರಿಗೆ ಮತ ಹಾಕಿದನೆಂದು ತಿಳಿಯದಿದ್ದ ಮೇಲೆ ಹಣ ಕೊಟ್ಟು ಫಲವೇನೆಂದು ಎಲ್ಲರೂ ಸಮಾಧಾನ ಪಟ್ಟರು. 1880ರ ಚುನಾವಣೆಯು ಆ ಸಮಾಧಾನವನ್ನು ಕೆಡಿಸಿತು. ಎಂಟು ಪಟ್ಟಣಗಳಿಗೆ ವಿಚಾರಣೆಯ ಕಮಿಷನ್ನುಗಳು ಹೋಗಬೇಕಾಯಿತು. ಉಮೇದುವಾರರು ತಾವೇ ಒಪ್ಪಿಕೊಂಡ ಖರ್ಚು 17 ಲಕ್ಷ ಪೌಂಡುಗಳನ್ನು ಮೀರಿತು. ಒಪ್ಪಿಕೊಳ್ಳದ ಖರ್ಚು ಎಷ್ಟೋ!

ಇಷ್ಟು ಕಾಯಿದೆಗಳು ಏಕೆ ವ್ಯರ್ಥವಾದುವು? ಅವೆಲ್ಲವೂ ಲಂಚವನ್ನು ಹಿಡಿಯಲು ಹೋದುವು. ಲಂಚವು ಕತ್ತಲೆಯಲ್ಲಿ ನಡೆಯುವ ಕೆಲಸ. ಕೊಟ್ಟವನೂ ಹೇಳುವುದಿಲ್ಲ, ತೆಗೆದುಕೊಂಡವನೂ ಹೇಳುವುದಿಲ್ಲ. ಅಟಾರ್ನಿ ಜನರಲ್ ಆಗಿದ್ದ ಸರ್ ಹೆನ್ರಿ ಜೇಮ್ಸ್ ಇದನ್ನು ಚೆನ್ನಾಗಿ ತಿಳಿದು, 1883ರ ಕಾಯಿದೆಯಲ್ಲಿ ಬೇರೆ ಉಪಾಯವನ್ನು ಮಾಡಿದನು. ಲಂಚಕ್ಕೆ ಶಿಕ್ಷೆಯನ್ನು ಹೆಚ್ಚಿಸಿದ್ದಲ್ಲದೆ, ಒಟ್ಟು ಖರ್ಚಿಗೇ ಮಿತಿಯನ್ನು ಹಾಕಿದನು. ಎರಡು ಸಾವಿರಕ್ಕೆ ಮೀರದ ಮತದಾರರಿರುವ ಇಂಗ್ಲಿಷ್ ಪಟ್ಟಣದಲ್ಲಿ 350 ಪೌಂಡು. ಮತದಾರರು ಹೆಚ್ಚಿದಂತೆ ಸ್ವಲ್ಪಸ್ವಲ್ಪ ಹೆಚ್ಚು. ಪ್ರತಿಯೊಬ್ಬ ಉಮೇದುವಾರನಿಗೂ ಒಬ್ಬನೇ ಏಜೆಂಟನಿರಬೇಕು. ಹಣವೆಲ್ಲ ಅವನ ಕೈಯಿಂದಲೇ ಹೋಗಬೇಕು. ಫಲಿತಾಂಶ ಪ್ರಕಟವಾದ 35 ದಿನಗಳೊಳಗಾಗಿ ಲೆಕ್ಕ ಒಪ್ಪಿಸಬೇಕು. ಮತದಾರರನ್ನು ಕರೆತರಲು ಬಾಡಿಗೆ ಗಾಡಿ, ವಾದ್ಯ, ಬಾವುಟ ಇವುಗಳಿಗೆ ಹಣ ಕೊಡಕೂಡದು. ಭ್ರಷ್ಟಾಚಾರವು ಸಾಬೀತಾದರೆ ಉಮೇದುವಾರನು ಆ ಕ್ಷೇತ್ರದಿಂದ ಇನ್ನೆಂದಿಗೂ ಆರಿಸಿ ಬರುವಂತಿಲ್ಲ.

ಫಲ ಬೇಗನೆ ಕಂಡಿತು. 1880ರಲ್ಲಿ ಸುಮಾರು 30 ಲಕ್ಷವಿದ್ದ ಮತದಾರರ ಸಂಖ್ಯೆ 1885ರ ಹೊತ್ತಿಗೆ 57 ಲಕ್ಷದ ಹತ್ತಿರಕ್ಕೆ ಬಂದಿತ್ತು. ಆದರೂ ಒಪ್ಪಿಸಿದ ಖರ್ಚು 17 ಲಕ್ಷದಿಂದ ಸುಮಾರು 10 ಲಕ್ಷ ಪೌಂಡಿಗೆ ಇಳಿಯಿತು. ಈ ಕೀರ್ತಿಯೆಲ್ಲ ಕಾಯಿದೆಯೊಂದಕ್ಕೇ ಸಲ್ಲದು. ಮತದಾರರು ಲಕ್ಷಗಟ್ಟಲೆಯಾದಾಗ ಒಬ್ಬೊಬ್ಬರನ್ನೇ ಕೊಳ್ಳುವುದು ದುಬಾರಿಯಾಯಿತು. ವಿದ್ಯೆಯೂ ಪತ್ರಿಕೆಗಳೂ ಹರಡಿದುವು. ಆದರೂ ಕತ್ತಲೆಯಲ್ಲಿ ಕಳ್ಳನನ್ನು ತಡಕುವುದಕ್ಕಿಂತ ಚೀಲದ ಬಾಯಿಗೆ ದಾರ ಕಟ್ಟಿ ಲೆಕ್ಕ ಕೇಳುವುದು ಮೇಲೆಂದು ಜಗತ್ತಿಗೆ ತೋರಿಸಿಕೊಟ್ಟದ್ದು ಈ ಕಾಯಿದೆ.

ನಮ್ಮಲ್ಲಿ ಒಂದು ಗಾದೆಯುಂಟು: ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂದು. 1883ರ ಕಾಯಿದೆಯು ಉಮೇದುವಾರನ ಕೈಯನ್ನು ಕಟ್ಟಿತು. ಅವನ ಸ್ನೇಹಿತರು, ಅವನ ಪಕ್ಷ, ಅವನು ಗೆದ್ದರೆ ಲಾಭ ಪಡೆಯುವ ವರ್ತಕ, ಇವರು ತಮ್ಮಷ್ಟಕ್ಕೆ ತಾವೇ ಖರ್ಚು ಮಾಡಿದರೆ? ಇಲ್ಲಿಂದ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಮತವನ್ನು ಕೊಳ್ಳುವುದು ಅಪರಾಧವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸ್ವಂತ ಹಣದಿಂದ ಕರಪತ್ರ ಹಂಚಿ, ಇಂಥವನಿಗೆ ಮತ ಕೊಡಿ ಎಂದು ಬೇಡುವವನು ಏನು ತಪ್ಪು ಮಾಡಿದ? ಈ ವಾದವು ತನ್ನ ಪೂರ್ಣ ಬಲವನ್ನು ಪಡೆದದ್ದು ಅಮೆರಿಕದಲ್ಲಿ.

ಅಲ್ಲಿ 1905ರಲ್ಲಿ ನ್ಯೂಯಾರ್ಕಿನ ಜೀವವಿಮೆಯ ಕಂಪೆನಿಗಳ ಮೇಲೆ ಒಂದು ವಿಚಾರಣೆ ನಡೆಯಿತು. ಹಿಂದಿನ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಒಂದು ಕಂಪೆನಿಯು 48 ಸಾವಿರ ಡಾಲರುಗಳಿಗೂ ಮಿಕ್ಕ ಹಣವನ್ನು ಕೊಟ್ಟಿತ್ತೆಂಬುದು ಹೊರಬಿದ್ದಿತು. ಅದು ಯಾರ ಹಣ? ಹೆಂಡತಿಮಕ್ಕಳಿಗೆ ಇರಲೆಂದು ಸಾವಿರಾರು ಮಂದಿ ಕಟ್ಟಿದ್ದ ಕಂತಿನ ಹಣ. ಅವರಲ್ಲಿ ಬೇರೆ ಪಕ್ಷದವರೂ ಇದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ಇಲ್ಲಿಯೂ ಬೆಲೆ ತೆತ್ತವನು ಆ ಮೂರನೆಯವನೇ. ಜನರ ಆಕ್ರೋಶದಿಂದ 1907ರಲ್ಲಿ ಕಂಪೆನಿಗಳು ರಾಷ್ಟ್ರೀಯ ಚುನಾವಣೆಗಳಲ್ಲಿ ಉಮೇದುವಾರರಿಗೆ ಹಣ ಕೊಡಕೂಡದೆಂದು ಕಾಯಿದೆಯಾಯಿತು. 1947ರಲ್ಲಿ ಕಾರ್ಮಿಕ ಸಂಘಗಳಿಗೂ ನಿಷೇಧವು ಬಂದಿತು. ಕಾಯಿದೆಗಳು ಪುಸ್ತಕದಲ್ಲಿದ್ದುವು, ಜಾರಿಗೆ ತರುವವರಿರಲಿಲ್ಲ. ಅಧ್ಯಕ್ಷ ನಿಕ್ಸನ್ನನ ಕಾಲದ ವಾಟರ್‌ಗೇಟ್ ಹಗರಣದಲ್ಲಿ ಗುಪ್ತ ಹಣದ ಕಂತೆಗಳು ಬೆಳಕಿಗೆ ಬಂದ ಮೇಲೆ, 1974ರಲ್ಲಿ ಅಮೆರಿಕದ ಶಾಸನಸಭೆಯು ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿತು. ಒಬ್ಬನು ಒಬ್ಬ ಉಮೇದುವಾರನಿಗೆ ಒಂದು ಚುನಾವಣೆಯಲ್ಲಿ 1,000 ಡಾಲರಿಗಿಂತ ಹೆಚ್ಚು ಕೊಡಕೂಡದು. ಉಮೇದುವಾರನ ಖರ್ಚಿಗೂ ಮಿತಿ. ಹೊರಗಿನವನು ಒಬ್ಬ ಉಮೇದುವಾರನ ಪರವಾಗಿಯೋ ವಿರೋಧವಾಗಿಯೋ ಸ್ವತಂತ್ರವಾಗಿ ಮಾಡುವ ಖರ್ಚಿಗೂ 1,000 ಡಾಲರಿನ ಮಿತಿ.

ಈ ಕಾಯಿದೆಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವರಲ್ಲಿ ಸಂಪ್ರದಾಯಪಕ್ಷದ ಸೆನೆಟರಾದ ಬಕ್‌ಲಿ ಒಬ್ಬರು. ಅವರ ಜೊತೆಗೆ ಯೂಜೀನ್ ಮೆಕಾರ್ಥಿ ಎಂಬವರು. ಈ ಎರಡನೆಯ ಹೆಸರನ್ನು ಗಮನಿಸಬೇಕು. 1968ರಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ, ಅಧಿಕಾರದಲ್ಲಿದ್ದ ತಮ್ಮ ಪಕ್ಷದ ಅಧ್ಯಕ್ಷರ ಎದುರಿಗೇ ನಿಂತವರು ಇವರು. ನ್ಯೂ ಹ್ಯಾಂಪ್‌ಷೈರಿನಲ್ಲಿ ಇವರಿಗೆ ಬಿದ್ದ ನೂರಕ್ಕೆ 42ರಷ್ಟು ಮತಗಳನ್ನು ಕಂಡ ಕೆಲವೇ ದಿನಗಳಲ್ಲಿ ಅಧ್ಯಕ್ಷ ಜಾನ್ಸನ್ ಸ್ಪರ್ಧೆಯಿಂದ ಹಿಂದಕ್ಕೆ ಸರಿದರು. ಇವರ ಪ್ರಚಾರವನ್ನು ನಡೆಸಿದ ಹಣದಲ್ಲಿ ದೊಡ್ಡ ಪಾಲು ಯುದ್ಧವಿರೋಧಿಗಳಾದ ಕೆಲವೇ ಧನಿಕರದು. 1,000 ಡಾಲರಿನ ಮಿತಿ ಆಗಲೇ ಇದ್ದಿದ್ದರೆ, ಆ ಯುದ್ಧವಿರೋಧದ ಧ್ವನಿ ಅಷ್ಟು ಬೇಗ ಏಳುತ್ತಿತ್ತೆ? ಅಧಿಕಾರದಲ್ಲಿರುವವರಿಗೆ ಹೆಸರೂ ಪತ್ರಿಕೆಗಳ ಗಮನವೂ ತಾವಾಗಿಯೇ ಒದಗುತ್ತವೆ. ಹೊಸಬನು ಎಲ್ಲವನ್ನೂ ಕೊಂಡುಕೊಳ್ಳಬೇಕು. ಮಿತಿ ತೀರ ಕಡಿಮೆಯಾದರೆ ಅದು ಪೀಠದಲ್ಲಿ ಕುಳಿತವನಿಗೆ ಕೋಟೆಯಾಗುತ್ತದೆ.

1976ನೆಯ ಜನವರಿ 30ರಂದು ಅಮೆರಿಕದ ಸುಪ್ರೀಂ ಕೋರ್ಟು ಕಾಯಿದೆಯನ್ನು ಎರಡಾಗಿ ಸೀಳಿತು. ಉಮೇದುವಾರನ ಕೈಗೆ ಹಣ ಕೊಡುವುದಕ್ಕೆ ಮಿತಿ ಹಾಕಬಹುದು. ಅಲ್ಲಿ ಕೊಟ್ಟು ತೆಗೆದುಕೊಳ್ಳುವ ವ್ಯವಹಾರದ ಭಯವುಂಟು. ಲೆಕ್ಕವನ್ನು ಪ್ರಕಟಿಸೆಂದೂ ಕೇಳಬಹುದು. ಆದರೆ ಖರ್ಚಿಗೆ ಮಿತಿ ಹಾಕುವುದು ವಾಕ್ಸ್ವಾತಂತ್ರ್ಯಕ್ಕೇ ಮಿತಿ ಹಾಕಿದಂತೆ. ದೊಡ್ಡ ಪಟ್ಟಣದ ಪತ್ರಿಕೆಯಲ್ಲಿ ಕಾಲು ಪುಟದ ಜಾಹೀರಾತನ್ನು ಕೊಟ್ಟವನೂ ಅಪರಾಧಿಯಾಗುತ್ತಾನೆ. ಕೆಲವರ ಧ್ವನಿ ಕೇಳಿಸಲೆಂದು ಬೇರೆ ಕೆಲವರ ಧ್ವನಿಯನ್ನು ತಗ್ಗಿಸುವ ಅಧಿಕಾರವು ಸರ್ಕಾರಕ್ಕೆ ಇಲ್ಲ. ನ್ಯಾಯಾಧೀಶರ ತರ್ಕದ ತಿರುಳು ಇದು. 2010ನೆಯ ಜನವರಿ 21ರಂದು ಅದೇ ನ್ಯಾಯಾಲಯವು, ಒಂಬತ್ತು ಮಂದಿಯಲ್ಲಿ ಐವರ ಬಹುಮತದಿಂದ, ಕಂಪೆನಿಗಳೂ ಕಾರ್ಮಿಕ ಸಂಘಗಳೂ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದೆಂದು ಹೇಳಿತು. ಅದೇ ವರ್ಷ ಕೆಳಗಿನ ಇನ್ನೊಂದು ನ್ಯಾಯಾಲಯದ ತೀರ್ಪಿನಿಂದ, ಮಿತಿಯಿಲ್ಲದೆ ಹಣ ಪಡೆದು ಪ್ರಚಾರ ನಡೆಸುವ ಮಂಡಲಿಗಳು ಹುಟ್ಟಿಕೊಂಡುವು. ಕೊಟ್ಟವರ ಹೆಸರನ್ನು ಪ್ರಕಟಿಸಬೇಕೆಂಬ ನಿಯಮವನ್ನು ನ್ಯಾಯಾಲಯವು ಎತ್ತಿಹಿಡಿದಿತ್ತು. ಆದರೆ ಹೆಸರನ್ನು ತಿಳಿಸಬೇಕಾಗಿಲ್ಲದ ಸಂಘಗಳ ಮೂಲಕ ಹಣವನ್ನು ಹಾಯಿಸಿದುದರಿಂದ, ಎಷ್ಟೋ ಕಡೆ ಮಾತು ಕೇಳಿಸಿತೇ ಹೊರತು ಮಾತನಾಡಿದವನು ಯಾರೆಂದು ತಿಳಿಯಲಿಲ್ಲ.

ಇಂಗ್ಲೆಂಡಿನವರು ಇದೇ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಲು ಯತ್ನಿಸಿದರು. ಉಮೇದುವಾರನ ಏಜೆಂಟನ ಒಪ್ಪಿಗೆಯಿಲ್ಲದೆ ಹೊರಗಿನವರು ಅವನ ಚುನಾವಣೆಗಾಗಿ ಖರ್ಚು ಮಾಡಕೂಡದೆಂದು 1918ರಲ್ಲಿ ನಿಯಮವಾಯಿತು. ಕಾಲಕ್ರಮದಲ್ಲಿ ಈ ನಿಯಮವು ಹಾಸ್ಯಾಸ್ಪದವಾಯಿತು. ಹೊರಗಿನವರಿಗೆ ಇದ್ದ ಅವಕಾಶ ಐದೇ ಪೌಂಡು. 1992ರಲ್ಲಿ ಬೌಮನ್ ಎಂಬ ಮಹಿಳೆಯು ಗರ್ಭಪಾತದ ವಿಷಯದಲ್ಲಿ ಉಮೇದುವಾರರ ನಿಲುವೇನೆಂದು ತಿಳಿಸುವ ಕರಪತ್ರಗಳನ್ನು ಹಂಚಿಸಿದುದಕ್ಕಾಗಿ ಆಕೆಯ ಮೇಲೆ ಮೊಕದ್ದಮೆ ಹೂಡಲಾಯಿತು. 1998ರಲ್ಲಿ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯವು, ಐದು ಪೌಂಡಿನ ಮಿತಿಯೆಂದರೆ ಬಾಯಿ ಕಟ್ಟಿದಂತೆಯೇ ಸರಿ ಎಂಬ ಅಭಿಪ್ರಾಯದಿಂದ ಆಕೆಯ ಪರವಾಗಿ ತೀರ್ಪುಕೊಟ್ಟಿತು. ನಮ್ಮ ವಿದ್ಯಾರ್ಥಿಯ ಮಾತು ಇಲ್ಲಿ ಅಕ್ಷರಶಃ ಗೆದ್ದಿತು. ಆದರೆ ಇಂಗ್ಲೆಂಡಿನವರು ಅದರಿಂದ ಮಿತಿಯನ್ನೇ ಬಿಸಾಡಲಿಲ್ಲ. ಹೊರಗಿನವರ ಮಿತಿಯನ್ನು 500 ಪೌಂಡಿಗೆ ಏರಿಸಿ, 2000ದಲ್ಲಿ ರಾಜಕೀಯ ಪಕ್ಷಗಳ ದೇಶವ್ಯಾಪಕವಾದ ಖರ್ಚಿಗೂ ಮೊದಲ ಬಾರಿಗೆ ಮಿತಿಯನ್ನು ಹಾಕಿದರು.

ರೇಡಿಯೋ ಮತ್ತು ದೂರದರ್ಶನಗಳ ವಿಷಯದಲ್ಲಂತೂ ಅವರ ನಿಯಮ ಇನ್ನೂ ಬಿಗಿಯಾದದ್ದು. ಹಣ ಕೊಟ್ಟು ರಾಜಕೀಯ ಜಾಹೀರಾತನ್ನು ಪ್ರಸಾರ ಮಾಡಿಸಲು ಅಲ್ಲಿ ಅವಕಾಶವೇ ಇಲ್ಲ; ಬದಲಾಗಿ ಪಕ್ಷಗಳಿಗೆ ಉಚಿತವಾಗಿ ಪ್ರಸಾರದ ವೇಳೆಯನ್ನು ಕೊಡುತ್ತಾರೆ. ಈ ನಿಷೇಧವೂ ಯೂರೋಪಿನ ಅದೇ ನ್ಯಾಯಾಲಯದ ಮುಂದೆ ಹೋಗಿ, 2013ರಲ್ಲಿ ಒಂಬತ್ತಕ್ಕೆ ಎಂಟರ ಬಹುಮತದಿಂದ ಉಳಿದುಕೊಂಡಿತು. ಒಂದೇ ಒಂದು ಮತದ ಅಂತರ! ಬಲ್ಲವರಲ್ಲಿಯೂ ಎಷ್ಟು ಭಿನ್ನಾಭಿಪ್ರಾಯವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಆದರೆ ನಾವು ಈಗ ಕುಳಿತಿರುವ ಸ್ಥಳದಿಂದ ಆ ನಿಯಮದ ಅರ್ಥವು ಸುಲಭವಾಗಿ ಕಾಣುತ್ತದೆ. ಇಲ್ಲಿ ಒಬ್ಬರು ಮಾತನಾಡುತ್ತೇವೆ; ಸಾವಿರಾರು ಮಂದಿ ಕೇಳುತ್ತಾರೆ; ಕೇಳುವವರು ತಿರುಗಿ ಉತ್ತರ ಕೊಡುವ ಹಾಗಿಲ್ಲ. ಈ ಪೀಠವನ್ನು ದಿನವೆಲ್ಲ ಒಬ್ಬ ಧನಿಕನೇ ಬಾಡಿಗೆಗೆ ಹಿಡಿದರೆ, ಇತರರ ಬಾಯನ್ನು ಅವನು ಮುಚ್ಚದೆ ಇರಬಹುದು. ಆದರೆ ಕೇಳುವವರ ಕಿವಿಯೆಲ್ಲ ಅವನದಾಗುತ್ತದೆ.

ಇನ್ನು ನಮ್ಮ ದೇಶದ ಕಥೆ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಇಂಗ್ಲೆಂಡಿನ ಮಾದರಿಯಲ್ಲಿಯೇ ಉಮೇದುವಾರನ ಖರ್ಚಿಗೆ ಮಿತಿಯನ್ನೂ ಲೆಕ್ಕವನ್ನೂ ವಿಧಿಸಿತು. 1957ರಲ್ಲಿ ಒಂದು ದೊಡ್ಡ ಉಕ್ಕಿನ ಕಂಪೆನಿಯು ರಾಜಕೀಯ ಪಕ್ಷಗಳಿಗೆ ಹಣ ಕೊಡುವ ಅಧಿಕಾರವನ್ನು ತನ್ನ ನಿಬಂಧನೆಯಲ್ಲಿ ಸೇರಿಸಿಕೊಳ್ಳಲು ಹೊರಟಾಗ, ಆ ಪ್ರಕರಣವನ್ನು ಕೇಳಿದ ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಚಾಗ್ಲಾ ಅವರು, ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲವೆಂದರೂ, ಇದು ಪ್ರಜಾಪ್ರಭುತ್ವಕ್ಕೆ ಬಹು ಅಪಾಯವೆಂದು ಪಾರ್ಲಿಮೆಂಟನ್ನು ಎಚ್ಚರಿಸಿದರು. ಕಂಪೆನಿಗಳ ದಾನವನ್ನು 1969ರಲ್ಲಿ ನಿಷೇಧಿಸಿದರು. 1985ರಲ್ಲಿ ಪುನಃ ಬಿಟ್ಟರು. ನಡುವೆ 1974ನೆಯ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಉಮೇದುವಾರನಿಗಾಗಿ ಅವನ ಪಕ್ಷವು ಮಾಡಿದ ಖರ್ಚನ್ನು ಅವನ ಸಮ್ಮತಿಯಿದ್ದ ಪಕ್ಷದಲ್ಲಿ ಅವನ ಲೆಕ್ಕಕ್ಕೇ ಸೇರಿಸಬೇಕೆಂದು ಹೇಳಿ, ದೆಹಲಿಯ ಒಂದು ಚುನಾವಣೆಯನ್ನು ರದ್ದುಪಡಿಸಿತು. ಅದೇ ತಿಂಗಳಿನಲ್ಲಿ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಪಕ್ಷದ ಖರ್ಚು ಉಮೇದುವಾರನ ಖರ್ಚಲ್ಲವೆಂದು ತಿದ್ದಿತು. ಬೇಲಿಯೇ ಎದ್ದು ಹೊಲವನ್ನು ಮೇಯುವುದೆಂದರೆ ಇದು. 2003ರಲ್ಲಿ ಆ ರಿಯಾಯಿತಿಯನ್ನು ಕೊಂಚ ಬಿಗಿಮಾಡಿದರು. ಲೋಕಸಭೆಗೆ ನಿಂತವನು ದೊಡ್ಡ ಪ್ರಾಂತಗಳಲ್ಲಿ 95 ಲಕ್ಷ ರೂಪಾಯಿಗಳನ್ನು ಮೀರಕೂಡದೆಂದು 2022ರಲ್ಲಿ ನಿಗದಿಯಾಯಿತು. ಪಕ್ಷದ ಸಾಮಾನ್ಯ ಪ್ರಚಾರಕ್ಕೆ ಮಾತ್ರ ಯಾವ ಮಿತಿಯೂ ಇಲ್ಲ. ಕೆರೆಯ ತೂಬಿಗೆ ಬೀಗ ಹಾಕಿ ಏರಿಯನ್ನು ಒಡೆದುಬಿಟ್ಟಂತಾಗಿದೆ.

2017ರಲ್ಲಿ, ಕಂಪೆನಿಯು ತನ್ನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಏಳೂವರೆಗಿಂತ ಹೆಚ್ಚು ದಾನ ಕೊಡಕೂಡದೆಂದು ಇದ್ದ ಕಟ್ಟನ್ನೂ ತೆಗೆದುಹಾಕಿದರು. 2018ನೆಯ ಜನವರಿಯಲ್ಲಿ ಚುನಾವಣಾ ಬಾಂಡುಗಳ ಏರ್ಪಾಡು ಬಂದಿತು. ಸಾವಿರ ರೂಪಾಯಿಯಿಂದ ಕೋಟಿ ರೂಪಾಯಿಯವರೆಗಿನ ಬಾಂಡುಗಳನ್ನು ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡಬಹುದು. ಕೊಟ್ಟವರು ಯಾರೆಂದು ಮತದಾರನಿಗೆ ತಿಳಿಯದು. ದಾನಿಗೆ ವಿರೋಧಪಕ್ಷದವರಿಂದ ತೊಂದರೆಯಾಗದಿರಲೆಂದು ಈ ಗುಟ್ಟು ಎಂದು ಸರ್ಕಾರವು ವಾದಿಸಿತು. ಆ ವಾದದಲ್ಲಿ ಸ್ವಲ್ಪವೂ ಹುರುಳಿಲ್ಲವೆನ್ನಲಾಗದು. ಸಣ್ಣ ವರ್ತಕನೊಬ್ಬನು ತನ್ನ ಮನಸ್ಸಿಗೆ ಒಪ್ಪಿದ ಪಕ್ಷಕ್ಕೆ ನೂರು ರೂಪಾಯಿ ಕೊಟ್ಟರೆ ಅದು ಅವನ ಮತದಂತೆಯೇ ಗುಪ್ತವಾಗಿರಲಿ ಎಂದರೆ ನಾವು ಒಪ್ಪಬಹುದು. ಆದರೆ ಕೋಟಿಗಟ್ಟಲೆ ಕೊಡುವವನ ಕೈಯಲ್ಲಿರುವುದು ಮತವಲ್ಲ, ಪತ್ರ. ಅದಕ್ಕೆ ಉತ್ತರವನ್ನು ಅವನು ನಿರೀಕ್ಷಿಸುತ್ತಾನೆ. 2024ನೆಯ ಫೆಬ್ರವರಿ 15ರಂದು ಐವರು ನ್ಯಾಯಾಧೀಶರು ಏಕಮತದಿಂದ ಈ ಏರ್ಪಾಡನ್ನು ರದ್ದುಮಾಡಿದರು. ಆ ಹೊತ್ತಿಗೆ ಮಾರಾಟವಾಗಿದ್ದ ಬಾಂಡುಗಳ ಮೊತ್ತ 16 ಸಾವಿರ ಕೋಟಿ ರೂಪಾಯಿಗಳನ್ನು ಮೀರಿತ್ತು.

ತೀರ್ಪಿನ ಆಧಾರವನ್ನು ಗಮನಿಸಿ. ನ್ಯಾಯಾಧೀಶರು ನೆಚ್ಚಿದ್ದು ಸಂವಿಧಾನದ ವಾಕ್ಸ್ವಾತಂತ್ರ್ಯದ ವಿಧಿಯನ್ನೇ. ಅಮೆರಿಕದಲ್ಲಿ ಹಣವನ್ನು ಬಿಡುಗಡೆ ಮಾಡಿದ ಅದೇ ತತ್ತ್ವವನ್ನು. ಆದರೆ ಆ ಸ್ವಾತಂತ್ರ್ಯದೊಳಗೆ ಮತದಾರನು ವಿಷಯವನ್ನು ತಿಳಿದುಕೊಳ್ಳುವ ಹಕ್ಕೂ ಸೇರಿದೆ ಎಂದು ನಮ್ಮ ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿತ್ತು. ಅಮೆರಿಕದ ನ್ಯಾಯಾಧೀಶರು ಪ್ರಧಾನವಾಗಿ ಮಾತನಾಡುವವನ ಬಾಯಿಯನ್ನು ನೋಡಿದರು. ನಮ್ಮವರು ಕೇಳುವವನ ಕಿವಿಯನ್ನೂ ನೋಡಿದರು. ಮಾತೆಂಬುದು ಒಬ್ಬನ ಬಾಯಿಯಲ್ಲಿ ಮುಗಿಯುವ ವಸ್ತುವಲ್ಲ. ಅದು ಇನ್ನೊಬ್ಬನ ಕಿವಿಯನ್ನು ಸೇರಿ, ಅವನ ಬುದ್ಧಿಯಲ್ಲಿ ತೂಗಲ್ಪಟ್ಟಾಗಲೇ ಅದರ ಕೆಲಸ ಪೂರ್ತಿಯಾಗುವುದು. ಹೇಳಿದವನು ಯಾರು, ಯಾರ ಹಣದಿಂದ ಹೇಳಿದನು ಎಂಬುದು ತಿಳಿಯದಿದ್ದರೆ ತೂಗುವುದಕ್ಕೆ ಕಲ್ಲೇ ಇರುವುದಿಲ್ಲ.

ಆದಕಾರಣ ಆ ವಿದ್ಯಾರ್ಥಿಗೆ ನಮ್ಮ ಉತ್ತರ ಹೀಗೆ. ಅಪ್ಪಾ, ನಿನ್ನ ಮಾತಿನಲ್ಲಿ ಅರ್ಧ ನಿಜವಿದೆ. ಐದು ಪೌಂಡಿನ ಮಿತಿಯು ನಿಜವಾಗಿಯೂ ಬಾಯಿಗೆ ಹಾಕಿದ ಬೀಗ. ಅಂಥ ಬೀಗವನ್ನು ಒಡೆಯಬೇಕಾದದ್ದೇ. ಮಿತಿಯನ್ನು ಗೊತ್ತುಮಾಡುವವರು ಅಧಿಕಾರದಲ್ಲಿರುವವರೇ ಆದ್ದರಿಂದ ಅದರ ಮೇಲೆ ಜನರ ಕಣ್ಣು ಸದಾ ಇರಬೇಕು. ಬಡವನ ಸಭೆಗೂ ಕರಪತ್ರಕ್ಕೂ ಸಾಲುವಷ್ಟು ವಿಶಾಲವಾಗಿ ಮಿತಿಯಿರಲಿ. ಉಮೇದುವಾರನಿಗೆ ಹಾಕಿದ ಮಿತಿ ಅವನ ಪಕ್ಷಕ್ಕೂ ಅವನ ಸ್ನೇಹಿತರಿಗೂ ಅನ್ವಯಿಸಲಿ. ದೊಡ್ಡ ಹಣ ಕೊಟ್ಟವನ ಹೆಸರು ಮತದಾನಕ್ಕೆ ಮೊದಲೇ ಪ್ರಕಟವಾಗಲಿ. ಇಷ್ಟರಿಂದ ಯಾರ ಬಾಯಿಯೂ ಕಟ್ಟುವುದಿಲ್ಲ. ಯಾರ್ಕ್‌ಷೈರಿನಲ್ಲಿ ವಿಲ್ಬರ್‌ಫೋರ್ಸನಿಗೆ ಚಂದಾ ಕೊಟ್ಟವನ ಸ್ವಾತಂತ್ರ್ಯಕ್ಕೂ ಧಕ್ಕೆಯಿಲ್ಲ.

ನಿನ್ನ ಮಾತಿನಲ್ಲಿ ಬಿಟ್ಟುಹೋದ ಅರ್ಧವು ಆ ಮೂರನೆಯವನದು. ಆರ್ಕಾಟಿನ ರೈತನು ಇಂಗ್ಲೆಂಡಿನಲ್ಲಿ ಯಾವ ಮಾತು ನಡೆಯಿತೆಂದು ಕೇಳಲಿಲ್ಲ, ಯಾರು ಯಾರಿಗೆ ಕೊಟ್ಟರೆಂದು ಅವನಿಗೆ ಯಾರೂ ಹೇಳಲಿಲ್ಲ. ಕಂದಾಯದ ಅಮಲ್ದಾರನು ಬಾಗಿಲಿಗೆ ಬಂದು ನಿಂತಾಗ ಲೆಕ್ಕವನ್ನು ಮಾತ್ರ ಅವನು ತೀರಿಸಬೇಕಾಯಿತು. ನಮಗೆ ಮತದ ಹಕ್ಕಿದೆ. ಯಾರು ಯಾರಿಗೆ ಕೊಟ್ಟರೆಂದು ಕೇಳುವ ಹಕ್ಕೂ ಇದೆ. ಮುಂದಿನ ಚುನಾವಣೆಯಲ್ಲಿ ನಮ್ಮ ಊರಿನ ಗೋಡೆಯ ಮೇಲೆ ಭಿತ್ತಿಪತ್ರವನ್ನು ಕಂಡಾಗ, ಅದರಲ್ಲಿರುವ ಮುಖವನ್ನು ನೋಡುವುದರ ಜೊತೆಗೆ, ಅದನ್ನು ಅಚ್ಚು ಹಾಕಿಸಿದವರು ಯಾರೆಂದು ಕೆಳಗೆ ಸಣ್ಣ ಅಕ್ಷರದಲ್ಲಿರುವ ಸಾಲನ್ನೂ ಓದುವ ಅಭ್ಯಾಸವನ್ನು ನಾವು ಮಾಡಿಕೊಳ್ಳೋಣ.